ನಡುಗಡ್ಡೆ ಕೊಂಡು ಸ್ವಂತ ದೇಶ ಮಾಡಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು, ಈಗ ಬೆಂಗಳೂರಿನಲ್ಲಿ ಕೆಲಸ. ನಮ್ಮಜ್ಜನ ಜಮೀನು ಲಿಂಗನಮಕ್ಕಿಯಲ್ಲಿ ಮುಳುಗಿತು. ಬದಲಿಗೆ ಕೊಟ್ಟ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅಪ್ಪ ಕಚೇರಿಗಳಿಗೆ ಅಲೆದೇ ವಯಸ್ಸು ಕಳೆದರು. ನಾವು ಹನ್ನೆರಡು ಕುಟುಂಬ, ಹೆಚ್ಚೂಕಡಿಮೆ ನಲವತ್ತು ಜನ, ದುಡ್ಡು ಒಟ್ಟು ಮಾಡಿ ಯಾವ ಸರ್ಕಾರದ ಹಂಗೂ ಇಲ್ಲದ ಒಂದು ಊರು ಕಟ್ಟಬೇಕೆಂದಿದ್ದೇವೆ. ನಮ್ಮದೇ ನಿಯಮ, ನಮ್ಮದೇ ಶಾಲೆ, ಒಟ್ಟು ಅಡುಗೆಮನೆ, ನಮ್ಮದೇ ನಾಣ್ಯ, ತೆರಿಗೆ ಇಲ್ಲ. ಶರಾವತಿ ಹಿನ್ನೀರಿನ ನಡುಗಡ್ಡೆ ಸಿಗುತ್ತದಾ? ಇಲ್ಲವಾದರೆ ವಿದೇಶದಲ್ಲಿ ಒಂದು ದ್ವೀಪ? ಅದೂ ಆಗದಿದ್ದರೆ ಹಳೇ ಹಡಗು ಕೊಂಡು ಅಂತರರಾಷ್ಟ್ರೀಯ ಸಮುದ್ರದಲ್ಲಿ ನಿಲ್ಲಿಸಿದರೆ? ಬ್ರಿಟನ್ ಹತ್ತಿರ ಸಮುದ್ರದಲ್ಲಿ ತನ್ನನ್ನೇ ದೇಶ ಎಂದುಕೊಂಡ ಸೀಲ್ಯಾಂಡ್ ಇನ್ನೂ ಇದೆಯಲ್ಲ?

ಉತ್ತರ: ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಬರಲಿಲ್ಲ. ಅಜ್ಜನ ಜಮೀನಿನ ಮಾತು ಇದೆಯಲ್ಲ, ಇಡೀ ಪತ್ರದ ಬೇರು ಅಲ್ಲೇ ಇದೆ ಅನ್ನಿಸಿತು. ಶಿವಮೊಗ್ಗದಲ್ಲಿ ಕಾನೂನು ಪಾಠ ಮಾಡಿಕೊಂಡು, ಸೊಸೈಟಿಗಳಿಗೆ ಬೈಲಾ ಬರೆದುಕೊಟ್ಟು ಬದುಕಿದವನು ನಾನು. ಹಾಗಾಗಿ ನಿಮ್ಮ ಪ್ರಶ್ನೆಯ ಎರಡು ತುದಿಯೂ ನನಗೆ ಸ್ವಲ್ಪ ಗೊತ್ತು.

ನೇರವಾಗಿ ಹೇಳುತ್ತೇನೆ. ದುಡ್ಡು ಕೊಟ್ಟರೆ ಜಾಗ ಸಿಗುತ್ತದೆ. ಆಳುವ ಅಧಿಕಾರ ಸಿಗುವುದಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರು ಬಂದರೆ ತೋಟ ನಿಮ್ಮದಾಗುತ್ತದೆ, ತಹಶೀಲ್ದಾರರು ನಿಮ್ಮವರಾಗುವುದಿಲ್ಲ. ಪ್ರಪಂಚದ ಯಾವ ಮೂಲೆಯಲ್ಲಿ ದ್ವೀಪ ಕೊಂಡರೂ ಇದೇ ಕಥೆ.

ಮೊದಲು ಶರಾವತಿಯ ವಿಷಯ ಮುಗಿಸಿಬಿಡೋಣ, ಅದು ಚಿಕ್ಕದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನಲ್ಲಿ ಈಗ ನಡುಗಡ್ಡೆಗಳಂತೆ ಕಾಣುವವು ಆಗಿನ ಗುಡ್ಡಗಳ ತಲೆಗಳು. ನೀರು 1819 ಅಡಿಯ ಪೂರ್ತಿ ಮಟ್ಟಕ್ಕೆ ಬಂದಾಗ ಒಂದು ಆಕಾರ, ಮೇ ತಿಂಗಳಲ್ಲಿ ಇನ್ನೊಂದು ಆಕಾರ. ಬೇಸಿಗೆಯಲ್ಲಿ ಎಷ್ಟೋ ಕಡೆ ನಡೆದುಕೊಂಡೇ ಹೋಗಬಹುದು. ಯೋಜನೆಗೆಂದು ವಶಪಡಿಸಿಕೊಂಡ ಜಾಗ, ಅರಣ್ಯದ ಜಾಗ, 2019ರಲ್ಲಿ ಘೋಷಿಸಿದ ಸಿಂಗಳೀಕ ಅಭಯಾರಣ್ಯದ ಗಡಿ, ಇವೆಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದಿವೆ. ಮಾರುವವರು ಯಾರಾದರೂ ಬಂದರೆ ಕಾಗದ ನೋಡುವ ಮುಂಚೆಯೇ ಅನುಮಾನಪಡಿ. ಮುಳುಗಡೆಯವರಿಗೆ ಕೊಟ್ಟ ಜಾಗಕ್ಕೇ ಅರವತ್ತು ವರ್ಷ ಕಳೆದರೂ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಮುಳುಗಿದ ಜಾಗದ ನಡುವಿನ ಗುಡ್ಡಕ್ಕೆ ಕ್ಲಿಯರ್ ಟೈಟಲ್ ಎಲ್ಲಿಂದ ಬರಬೇಕು?

ಈಗ ವಿದೇಶದ ದ್ವೀಪ. ಇದು ದುಬಾರಿ ಆದರೂ ಕಾನೂನುಬದ್ಧ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಆಸ್ತಿಯನ್ನೂ ಕೊಳ್ಳಬಹುದು. ಈ ಅವಕಾಶ ಇರುವುದು ವ್ಯಕ್ತಿಗಳಿಗೆ ಮಾತ್ರ. ನಿಮ್ಮ ಟ್ರಸ್ಟಿಗೋ ಕಂಪನಿಗೋ ಇಲ್ಲ. ಹೀಗೆ ಕೊಂಡ ದ್ವೀಪದಲ್ಲಿ ನೀವು ಆ ದೇಶದ ಒಬ್ಬ ಜಮೀನ್ದಾರರು, ಅಷ್ಟೇ. ಮನೆ ಕಟ್ಟಲು ಅಲ್ಲಿನ ಪರವಾನಗಿ ಬೇಕು, ಇರಲು ಅಲ್ಲಿನ ವೀಸಾ ಬೇಕು.

ದುಡ್ಡಿದ್ದವರಾದರೂ ಇದನ್ನು ದಾಟಿದ್ದಾರಾ ಎಂದು ನೀವು ಕೇಳಬಹುದು. ಬಾರ್ಕ್ಲೇ ಸೋದರರ ಕಥೆ ನೋಡಿ. ಬ್ರಿಟನ್ನಿನ ಶ್ರೀಮಂತರು. 1993ರಲ್ಲಿ ಇಂಗ್ಲಿಷ್ ಚಾನೆಲ್‌ನ ಸಾರ್ಕ್ ದ್ವೀಪದ ಪಕ್ಕದ ಬ್ರೆಕೂ ಎಂಬ ಪುಟ್ಟ ದ್ವೀಪ ಕೊಂಡು, ಅದರ ಮೇಲೆ ಕೋಟೆಯಂಥ ಮನೆ ಕಟ್ಟಿದರು. ಬ್ರೆಕೂ ಸಾರ್ಕ್‌ನ ಆಡಳಿತಕ್ಕೆ ಸೇರಿತ್ತು. ಸಾರ್ಕ್‌ನಲ್ಲಿ ಆಸ್ತಿ ಯಾರಿಗೆ ಹೋಗಬೇಕು ಎಂಬುದಕ್ಕೂ ಹಳೇ ಕಾಲದ ಕಾನೂನು. ಅವರು ಹಡಗು ಹತ್ತಿ ದೂರ ಹೋಗಲಿಲ್ಲ, ವಕೀಲರನ್ನು ಹಿಡಿದರು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ 2008ರಲ್ಲಿ ಸಾರ್ಕ್‌ನ ಆಡಳಿತ ಪದ್ಧತಿಯೇ ಬದಲಾಯಿತು. ಆದರೂ ಬ್ರೆಕೂ ಬೇರೆ ದೇಶ ಆಗಲಿಲ್ಲ.

ಇದಕ್ಕಿಂತ ಚೂಟಿಯಾದ ದಾರಿ ಹಿಡಿದವರು ಹೊಂಡುರಾಸ್‌ನ ರೊವಾಟಾನ್ ದ್ವೀಪದ ಪ್ರೊಸ್ಪೆರಾದವರು. ಅಲ್ಲಿನ ಸರ್ಕಾರವೇ 2013ರಲ್ಲಿ ವಿಶೇಷ ವಲಯಗಳ ಕಾನೂನು ಮಾಡಿತ್ತು. ತೆರಿಗೆ, ಕೋರ್ಟು, ಆಡಳಿತ ಎಲ್ಲದರಲ್ಲೂ ಆ ವಲಯಕ್ಕೆ ದೊಡ್ಡ ಸ್ವಾತಂತ್ರ್ಯ. ಬಂಡವಾಳ ಹರಿದು ಬಂತು, ಕಟ್ಟಡ ಎದ್ದವು. ಸರ್ಕಾರ ಬದಲಾಯಿತು. 2022ರಲ್ಲಿ ಸಂಸತ್ತು ಆ ಕಾನೂನನ್ನು ರದ್ದು ಮಾಡಿತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಂಥ ವಲಯಗಳೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಕಂಪನಿ ಸುಮಾರು ಸಾವಿರ ಕೋಟಿ ಡಾಲರ್ ಪರಿಹಾರ ಕೇಳಿ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿದೆ. ನಿಮ್ಮ ಹನ್ನೆರಡು ಕುಟುಂಬಕ್ಕೆ ಅಂಥ ವ್ಯಾಜ್ಯದ ಶಕ್ತಿ ಇಲ್ಲ, ಅಲ್ವಾ?

ಹಾಗಾದರೆ ದೇಶ ಎಂದರೆ ಏನು? 1933ರ ಮಾಂಟೆವಿಡಿಯೋ ಒಪ್ಪಂದ ನಾಲ್ಕು ಮಾತು ಹೇಳುತ್ತದೆ: ಖಾಯಂ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ. ಇಂಟರ್‌ನೆಟ್‌ನಲ್ಲಿ ದೇಶ ಕಟ್ಟುವವರೆಲ್ಲ ಈ ನಾಲ್ಕನ್ನು ಬಾಯಿಪಾಠ ಮಾಡಿರುತ್ತಾರೆ. ಮೊದಲ ಮೂರನ್ನು ಹೇಗೋ ಹೊಂದಿಸುತ್ತಾರೆ. ನಾಲ್ಕನೆಯದರಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಏಕೆಂದರೆ ಅದು ನಿಮ್ಮ ಕೈಯಲ್ಲಿಲ್ಲ, ಎದುರಿನವರ ಕೈಯಲ್ಲಿದೆ. ನಮ್ಮ ಬಿಡದಿಯಿಂದ ಹೊರಟ ನಿತ್ಯಾನಂದ ಸಾರಿದ 'ಕೈಲಾಸ' ದೇಶದ ಸುದ್ದಿ ನೀವೂ ಓದಿರುತ್ತೀರಿ. ಅಮೆರಿಕದ ನ್ಯೂವಾರ್ಕ್ ನಗರ 2023ರ ಜನವರಿಯಲ್ಲಿ ಅದರ ಜೊತೆ ಸೋದರ ನಗರ ಒಪ್ಪಂದಕ್ಕೆ ಸಹಿ ಹಾಕಿತು. ಅಂಥ ದೇಶವೇ ಇಲ್ಲವೆಂದು ತಿಳಿದ ಮೇಲೆ ರದ್ದು ಮಾಡಿತು.

ಇನ್ನು ಸಮುದ್ರ. ಕನಸು ಕಾಣುವವರಿಗೆ ಇದು ಇಷ್ಟದ ಜಾಗ, ನನಗೂ ಪಾಠ ಮಾಡುವಾಗ ಇಷ್ಟದ ಅಧ್ಯಾಯ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಸಮುದ್ರ ಆ ದೇಶದ್ದೇ. ಮುರುಡೇಶ್ವರದಾಚೆಯ ನೇತ್ರಾಣಿ ಕೂಡ ಇದರೊಳಗೇ ಬರುತ್ತದೆ. 200 ನಾಟಿಕಲ್ ಮೈಲಿ, ಅಂದರೆ 370 ಕಿಲೋಮೀಟರ್‌ವರೆಗೆ ಆ ದೇಶದ ಆರ್ಥಿಕ ವಲಯ. ಇಲ್ಲೇ ಬಹಳ ಜನ ಎಡವುತ್ತಾರೆ. 12 ಮೈಲಿ ದಾಟಿದರೆ ಯಾರದ್ದೂ ಅಲ್ಲ ಅಂದುಕೊಳ್ಳುತ್ತಾರೆ. ಹಡಗು ಓಡಿಸುವ ಸ್ವಾತಂತ್ರ್ಯ ಅಲ್ಲಿ ಎಲ್ಲರಿಗೂ ಇದೆ, ನಿಜ. ಆದರೆ 1982ರ ಸಮುದ್ರ ಕಾನೂನು ಒಪ್ಪಂದದ 60ನೇ ವಿಧಿ ಪ್ರಕಾರ ಆ 200 ಮೈಲಿಯೊಳಗೆ ಕೃತಕ ದ್ವೀಪ ಕಟ್ಟುವ, ಕಟ್ಟಲು ಬಿಡುವ ಹಕ್ಕು ದಡದ ದೇಶಕ್ಕೆ ಮಾತ್ರ. ಅದನ್ನೂ ದಾಟಿ ಹೋದರೆ? 89ನೇ ವಿಧಿ ಇದೆ: ತೆರೆದ ಸಮುದ್ರದ ಯಾವ ಭಾಗದ ಮೇಲೂ ಯಾವ ದೇಶವೂ ಒಡೆತನ ಹೇಳುವ ಹಾಗಿಲ್ಲ. ಇರುವ ದೇಶಗಳಿಗೇ ಇಲ್ಲದ ಹಕ್ಕು ಹೊಸದಾಗಿ ಹುಟ್ಟುವವರಿಗೆ ಬರುವುದು ಹೇಗೆ? ಕಟ್ಟಿದ ದ್ವೀಪಕ್ಕೆ ಸ್ವಂತ ಸಮುದ್ರ ಗಡಿಯೂ ಇಲ್ಲ. ದ್ವೀಪ ಎನ್ನಿಸಿಕೊಳ್ಳಲು ಅದು ತಾನಾಗಿ ಹುಟ್ಟಿದ ನೆಲವಾಗಿರಬೇಕು, ಭರತದಲ್ಲೂ ನೀರಿನ ಮೇಲಿರಬೇಕು.

ಈ ನಿಯಮಗಳೆಲ್ಲ ಪಕ್ಕಾ ಆಗುವ ಮೊದಲೇ ನುಗ್ಗಿದವರಿದ್ದಾರೆ. ಇಟಲಿಯ ಎಂಜಿನಿಯರ್ ಜಾರ್ಜಿಯೋ ರೋಸಾ, ರಿಮಿನಿ ಊರಿನಾಚೆ ಕಂಬಗಳ ಮೇಲೆ 400 ಚದರ ಮೀಟರಿನ ಕಟ್ಟೆ ಕಟ್ಟಿದ. ಆಗ ಅದು ಇಟಲಿಯ ಸಮುದ್ರ ಗಡಿಯ ಹೊರಗಿತ್ತು. 1968ರ ಮೇ 1ರಂದು ಸ್ವತಂತ್ರ ದೇಶವೆಂದು ಸಾರಿದ. ಎಸ್ಪೆರಾಂಟೋ ಅಧಿಕೃತ ಭಾಷೆ, ಸ್ವಂತ ಅಂಚೆಚೀಟಿ. ಜೂನ್ 25ಕ್ಕೆ ಪೊಲೀಸರು ಬಂದು ಹತ್ತಿದರು. ಮುಂದಿನ ವರ್ಷ ಸ್ಫೋಟಕ ಇಟ್ಟರು, ಉಳಿದದ್ದನ್ನು ಬಿರುಗಾಳಿ ಕೆಡವಿತು. ಎರಡು ತಿಂಗಳೂ ತುಂಬದ ದೇಶ. 1972ರಲ್ಲಿ ಮೈಕೆಲ್ ಆಲಿವರ್ ಎಂಬ ಅಮೆರಿಕದ ಶ್ರೀಮಂತನ ಗುಂಪು ಪೆಸಿಫಿಕ್‌ನ ಮಿನರ್ವಾ ದಿಬ್ಬಗಳ ಮೇಲೆ ಮರಳು ಸುರಿದು ಗಣರಾಜ್ಯ ಸಾರಿತು. ಜೂನ್ ತಿಂಗಳಲ್ಲಿ ಟೋಂಗಾ ಬಂದು ತನ್ನ ಬಾವುಟ ನೆಟ್ಟಿತು. ಅಲ್ಲಿಗೆ ಮುಗಿಯಿತು.

ಈಚಿನದು 2019ರ ಥಾಯ್ಲೆಂಡ್ ಪ್ರಕರಣ. ಫುಕೆಟ್‌ನಾಚೆ 12 ಮೈಲಿ ದಾಟಿ ತೇಲುವ ಒಂದು ಸಣ್ಣ ಮನೆ. ಅದರಲ್ಲಿದ್ದದ್ದು ಒಬ್ಬ ಅಮೆರಿಕದವನು, ಅವನ ಥಾಯ್ ಸಂಗಾತಿ. ನೌಕಾಪಡೆ ಇದು ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ಎಂದು ದೂರು ಕೊಟ್ಟು, ಮನೆಯನ್ನು ದಡಕ್ಕೆ ಎಳೆದು ತಂದಿತು. ಆ ಅಪರಾಧಕ್ಕೆ ಅಲ್ಲಿ ಮರಣದಂಡನೆವರೆಗೂ ಶಿಕ್ಷೆ ಇದೆ. ಆ ಜೋಡಿ ಓಡಿ ಬಚಾವಾಯಿತು. ಇಬ್ಬರೇ ಇದ್ದ ಕೋಣೆಗೆ ಇಷ್ಟು ರಾದ್ಧಾಂತ.

ಸೀಲ್ಯಾಂಡ್ ಉಳಿದಿದೆಯಲ್ಲ ಎನ್ನುತ್ತೀರಿ. ಉಳಿದಿದೆ. ಹೇಗೆ ಉಳಿಯಿತು ಎಂದು ನೋಡಬೇಕು. ಅದು ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕಟ್ಟಿದ ಸಮುದ್ರ ಕೋಟೆ, ದಡದಿಂದ ಸುಮಾರು 12 ಕಿಲೋಮೀಟರ್. ರಾಯ್ ಬೇಟ್ಸ್ ಎಂಬ ಮಾಜಿ ಮೇಜರ್ ಅದನ್ನು ಹಿಡಿದುಕೊಂಡು 1967ರ ಸೆಪ್ಟೆಂಬರ್ 2ರಂದು ದೇಶ ಎಂದ. ಮರುವರ್ಷ ಗುಂಡು ಹಾರಿಸಿದ ಕೇಸು ಇಂಗ್ಲಿಷ್ ಕೋರ್ಟಿಗೆ ಹೋಯಿತು. ಬ್ರಿಟನ್ನಿನ ಗಡಿ ಆಗ ಮೂರೇ ಮೈಲಿ, ಹಾಗಾಗಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿತು ಕೋರ್ಟು. ಬೇಟ್ಸ್ ಜೀವಮಾನವಿಡೀ ಇದನ್ನೇ ಹೇಳಿಕೊಂಡು ತಿರುಗಿದ. 1978ರಲ್ಲಿ ಅವನ ಜೊತೆಗಾರನೇ ಆಗಿದ್ದ ಒಬ್ಬ ಜರ್ಮನ್, ಕೂಲಿ ಜನ ಕಳಿಸಿ ಕೋಟೆ ಹಿಡಿಸಿದ. ಮಗನನ್ನು ಒತ್ತೆ ಇಟ್ಟುಕೊಂಡರು. ಬೇಟ್ಸ್ ಹೆಲಿಕಾಪ್ಟರ್‌ನಲ್ಲಿ ಬಂದು ವಾಪಸ್ ಕಿತ್ತುಕೊಂಡ. ಸಿನಿಮಾ ಹಾಗಿದೆ, ನಿಜ. ಆದರೆ ಸ್ವಲ್ಪ ಯೋಚಿಸಿ. ಪೊಲೀಸರಿಲ್ಲದ ಜಾಗಕ್ಕೆ ಬಂದ ದೊಡ್ಡ ಅಪಾಯ ಸರ್ಕಾರದ್ದಲ್ಲ, ಒಳಗಿನವನದ್ದೇ. 1987ರಲ್ಲಿ ಬ್ರಿಟನ್ ತನ್ನ ಗಡಿಯನ್ನು 12 ಮೈಲಿಗೆ ಹಿಗ್ಗಿಸಿತು, ಕೋಟೆ ಅದರೊಳಗೆ ಬಂತು. ಒಂದು ದೇಶವೂ ಇವತ್ತಿನವರೆಗೆ ಸೀಲ್ಯಾಂಡನ್ನು ಒಪ್ಪಿಲ್ಲ. ಈಗ ಅದು ಬಹುಮಟ್ಟಿಗೆ ಬಿರುದು ಬಾವಲಿ ಮಾರುವ ಅಂಗಡಿ. ಕಾವಲಿಗೆ ಒಂದಿಬ್ಬರು ಇರುತ್ತಾರೆ. ನಲವತ್ತು ಜನ ಮಕ್ಕಳು ಮರಿ ಕಟ್ಟಿಕೊಂಡು ಬದುಕುವ ಊರಿಗೂ ಅದಕ್ಕೂ ಸಂಬಂಧವಿಲ್ಲ.

ಹಡಗಿನ ವಿಷಯಕ್ಕೆ ಬರುತ್ತೇನೆ. ಹಡಗಿಗೆ ಯಾವುದಾದರೂ ಒಂದು ದೇಶದ ಬಾವುಟ ಇರಲೇಬೇಕು. ಪನಾಮ, ಲೈಬೀರಿಯ, ಮಾರ್ಷಲ್ ದ್ವೀಪಗಳು ಹೊರಗಿನವರ ಹಡಗನ್ನೂ ನೋಂದಾಯಿಸಿಕೊಳ್ಳುತ್ತವೆ. ಆ ಬಾವುಟ ಹಾರಿಸಿದ ಕ್ಷಣದಿಂದ ನಿಮ್ಮ ಹಡಗಿನ ಮೇಲೆ ಆ ದೇಶದ ಕಾನೂನು. ನಮಗೆ ಯಾವ ಬಾವುಟವೂ ಬೇಡ ಅಂದರೆ, ನಂಬರ್ ಪ್ಲೇಟ್ ಇಲ್ಲದ ಗಾಡಿಯ ಹಾಗೆ, ಯಾವ ನೌಕಾಪಡೆ ಬೇಕಾದರೂ ನಿಲ್ಲಿಸಿ ಹತ್ತಿ ತಪಾಸಣೆ ಮಾಡಬಹುದು. ಬಂದರುಗಳು ಸೇರಿಸುವುದಿಲ್ಲ.

ಹನ್ನೆರಡು ಜನಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕ ಹಡಗು. ಬೆಂಕಿ, ಜೀವರಕ್ಷಕ ದೋಣಿ, ವರ್ಷ ವರ್ಷದ ತಪಾಸಣೆ, ತರಬೇತಿ ಪಡೆದ ಸಿಬ್ಬಂದಿ, ಎಲ್ಲ ಕಡ್ಡಾಯ. ನಾವೆಲ್ಲ ಮಾಲೀಕರೇ, ಇದು ವಿಹಾರದ ದೋಣಿ ಎಂದು ವಾದಿಸಬಹುದು. ದುಡ್ಡು ಕೊಟ್ಟ ಒಬ್ಬ ಸದಸ್ಯ ಹತ್ತಿದರೂ ಆ ವಾದ ನಿಲ್ಲುವುದು ಕಷ್ಟ. ಶೌಚದ ನೀರಿಗೂ ಕಾನೂನಿದೆ: ಶುದ್ಧ ಮಾಡದೆ ಬಿಡಬೇಕೆಂದರೆ ದಡದಿಂದ 12 ಮೈಲಿ ಆಚೆ, ಅದೂ ಹಡಗು ಚಲಿಸುತ್ತಿರಬೇಕು. ಐದು ವರ್ಷದಲ್ಲಿ ಎರಡು ಸಲವಾದರೂ ಹಡಗಿನ ತಳ ಪರೀಕ್ಷೆ ಆಗಬೇಕು. ಸಾಮಾನ್ಯವಾಗಿ ಅದಕ್ಕೆ ಡ್ರೈಡಾಕ್, ಅಂದರೆ ಹಡಗನ್ನು ನೀರಿಲ್ಲದೆ ನಿಲ್ಲಿಸುವ ಕಟ್ಟೆ ಬೇಕು, ಆ ಡ್ರೈಡಾಕ್ ಯಾವುದೋ ಸರ್ಕಾರದ ನೆಲದಲ್ಲಿರುತ್ತದೆ.

ಪ್ರಯತ್ನಪಟ್ಟವರೂ ಸಾಮಾನ್ಯರಲ್ಲ. 2020ರಲ್ಲಿ ಒಂದು ಗುಂಪು 'ಪೆಸಿಫಿಕ್ ಡಾನ್' ಎಂಬ 245 ಮೀಟರ್ ಉದ್ದದ ಕ್ರೂಸ್ ಹಡಗು ಕೊಂಡಿತು. 'ಸತೋಶಿ' ಎಂದು ಹೆಸರಿಟ್ಟು, ಪನಾಮದ ಹತ್ತಿರ ನಿಲ್ಲಿಸಿ ಕ್ರಿಪ್ಟೋ ಜನರ ತೇಲುವ ಊರು ಮಾಡುವುದು ಯೋಜನೆ. ಕೋವಿಡ್ ಕಾಲ, ಹಡಗುಗಳು ಅಗ್ಗ. ಒಂದು ಕೋಟಿ ಡಾಲರಿಗಿಂತ ಕಡಿಮೆಗೆ ಸಿಕ್ಕಿತ್ತು. ಯೋಜನೆ ನಿಂತದ್ದು ನೌಕಾಪಡೆಯಿಂದಲ್ಲ. ಇನ್ಶೂರೆನ್ಸ್ ಸಿಗಲಿಲ್ಲ. ಊರಾಗುವ ಮೊದಲೇ ಹಡಗು ಬೇರೆಯವರ ಕೈ ಸೇರಿತು. ಹಡಗಿನಲ್ಲೇ ಖಾಯಂ ಬದುಕುವವರು ಇಲ್ಲದಿಲ್ಲ. 2002ರಿಂದ 'ದಿ ವರ್ಲ್ಡ್' ಎಂಬ ಹಡಗು 165 ಮನೆಗಳೊಂದಿಗೆ ಸುತ್ತುತ್ತಿದೆ. ಅದರ ನಿವಾಸಿಗಳು ಕೋಟ್ಯಾಧೀಶರು, ಹಡಗಿಗೆ ಬಹಾಮಾಸ್ ಬಾವುಟ, ಸ್ವತಂತ್ರ ದೇಶ ಎಂಬ ಮಾತೇ ಇಲ್ಲ.

ಇಷ್ಟಾದ ಮೇಲೂ ಹೋಗುತ್ತೇವೆ ಅಂದರೆ, ನಿಮ್ಮ ಜೊತೆ ಭಾರತವೂ ಬರುತ್ತದೆ. ಭಾರತದ ಪ್ರಜೆ ಎಲ್ಲೇ ಇರಲಿ, ಭಾರತೀಯ ನ್ಯಾಯ ಸಂಹಿತೆ ಅವನಿಗೆ ಅನ್ವಯಿಸುತ್ತದೆ. ತೆರಿಗೆಗೂ ಹಾಗೇ. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಗೆ ಇಲ್ಲಿನ ಮೂಲದ ಆದಾಯ 15 ಲಕ್ಷ ದಾಟಿದರೆ, ಅವನನ್ನು ಇಲ್ಲಿಯ ನಿವಾಸಿ ಎಂದೇ ಎಣಿಸುವ ನಿಯಮ 2020ರಲ್ಲೇ ಬಂದಿದೆ. ಪೌರತ್ವ ಬಿಟ್ಟುಬಿಡುತ್ತೇವೆ ಅಂದರೆ ಯಾವ ಪಾಸ್‌ಪೋರ್ಟೂ ಇಲ್ಲದವರಾಗುತ್ತೀರಿ. ಮಗುವಿಗೆ ಅಪೆಂಡಿಕ್ಸ್ ನೋವು ಬಂದ ರಾತ್ರಿ ಯಾವ ಊರಿನ ಆಸ್ಪತ್ರೆಗೆ, ಯಾವ ಕಾಗದ ತೋರಿಸಿ ಹೋಗುತ್ತೀರಿ?

ಸಮುದ್ರದಲ್ಲಿ ಕುಡಿಯುವ ನೀರಿಗೇನು ಎಂದು ಬಹಳ ಜನ ಹೆದರುತ್ತಾರೆ. ಅದು ಅಷ್ಟು ಕಷ್ಟವಲ್ಲ. ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡಲು ಒಳ್ಳೆಯ ದೊಡ್ಡ ಘಟಕಕ್ಕೆ ಮೂರ್ನಾಲ್ಕು ಯೂನಿಟ್ ಕರೆಂಟ್ ಸಾಕು. ಚಿಕ್ಕ ಯಂತ್ರಕ್ಕೆ ಇನ್ನಷ್ಟು ಬೇಕಾಗಬಹುದು. ಕೆಟ್ಟ ಪಂಪಿಗೆ ವಾಷರ್ ತರಲು ಎಲ್ಲಿಗೆ ಹೋಗುತ್ತೀರಿ ಅನ್ನುವುದೇ ತಲೆನೋವು. ದೂರಕ್ಕೆ ಬೆಲೆ ಇದೆ. ಅಟ್ಲಾಂಟಿಕ್‌ನ ಟ್ರಿಸ್ಟಾನ್ ಡ ಕುನ್ಹಾ ದ್ವೀಪದಲ್ಲಿ ಇನ್ನೂರಕ್ಕೂ ಸ್ವಲ್ಪ ಹೆಚ್ಚು ಜನ ಇದ್ದಾರೆ. ವಿಮಾನ ಇಲ್ಲ. ಕೇಪ್‌ಟೌನ್‌ನಿಂದ ಹಡಗಿನಲ್ಲಿ ಒಂದು ವಾರ. ಭೂಮಿ ಎಲ್ಲರಿಗೂ ಸೇರಿದ್ದು, ಹೊರಗಿನವರಿಗೆ ಮಾರುವುದಿಲ್ಲ. ನಿಮ್ಮ ಕನಸಿಗೆ ಪ್ರಪಂಚದಲ್ಲಿ ಅತಿ ಹತ್ತಿರದ ಊರು ಅದು. 1961ರಲ್ಲಿ ಜ್ವಾಲಾಮುಖಿ ಎದ್ದು ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. 1963ರಲ್ಲಿ ಹೆಚ್ಚಿನವರು ಅದೇ ದ್ವೀಪಕ್ಕೆ ಮರಳಿದರು! ಅವರನ್ನು ಸಾಗಿಸಿದ್ದೂ, ಮರಳಿ ನೆಲೆ ನಿಲ್ಲಿಸಿದ್ದೂ ಬ್ರಿಟನ್. ಇವತ್ತಿಗೂ ಅದು ಬ್ರಿಟನ್ನಿನ ಆಡಳಿತದಲ್ಲೇ ಇದೆ.

ಇದಕ್ಕೆಲ್ಲ ಕೇಪ್‌ಟೌನ್‌ವರೆಗೆ ಹೋಗುವುದೂ ಬೇಡ. ತುಮರಿ ಕಡೆಯವರನ್ನು ಕೇಳಿ. ಕರೂರು, ಬಾರಂಗಿ ಹೋಬಳಿಯ ಜನ ಲಿಂಗನಮಕ್ಕಿ ತುಂಬಿದ ಮೇಲೆ ಹೆಚ್ಚುಕಡಿಮೆ ದ್ವೀಪವಾಸಿಗಳೇ ಆಗಿದ್ದರು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಕಾಡು ಸುತ್ತಿ ಹೋಗಬೇಕು. ನೀವು ಬಯಸುವಷ್ಟೇ ಕಡಿಮೆ ಸರ್ಕಾರ ಅವರನ್ನು ತಲುಪುತ್ತಿತ್ತು. ಅವರು ಸ್ವಾತಂತ್ರ್ಯ ಸಾರಲಿಲ್ಲ. ದಶಕಗಟ್ಟಲೆ ಸೇತುವೆ ಕೇಳಿದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ದಿನ ಅಲ್ಲಿನ ಸಂಭ್ರಮ ನೀವೂ ಫೋನಿನಲ್ಲಿ ನೋಡಿರುತ್ತೀರಿ.

ಸ್ವಾತಂತ್ರ್ಯ ಸಾರಿದವರು ನಮ್ಮ ಜಿಲ್ಲೆಯಲ್ಲಿ ಇಲ್ಲದಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರು, 1942ರ ಸೆಪ್ಟೆಂಬರ್. ಕಂದಾಯ ಕೊಡುವುದಿಲ್ಲ ಎಂದರು. ನಮ್ಮದೇ ಸರ್ಕಾರ ಎಂದು, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಮಕ್ಕಳನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಹುಟ್ಟಿದ್ದು ಆಗಲೇ. ಗಲಾಟೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಊರಿಗೆ ಊರೇ ಪೆಟ್ಟು ತಿಂದಿತು. 1943ರ ಮಾರ್ಚ್‌ನಲ್ಲಿ ಐದು ಜನಕ್ಕೆ ಗಲ್ಲು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಈಸೂರಿನವರಿಗೆ ಯಾರ ವಿರುದ್ಧ, ಯಾಕೆ ಎಂಬುದು ಸ್ಪಷ್ಟವಿತ್ತು, ಹಿಂದೆ ಇಡೀ ದೇಶದ ಚಳವಳಿ ಇತ್ತು. ನಿಮ್ಮ ತಕರಾರು ಏನು? ಪತ್ರವನ್ನು ಮತ್ತೆ ನೋಡಿದರೆ ಹಕ್ಕುಪತ್ರ, ಕಚೇರಿ ಅಲೆದಾಟ, ಮಕ್ಕಳ ಶಾಲೆ, ಒಟ್ಟಿಗೆ ಬದುಕುವ ಆಸೆ. ಇದರಲ್ಲಿ ಬಹುಪಾಲಿಗೆ ದೇಶ ಬೇಡ.

ಒಂದೊಂದಾಗಿ ಹೇಳುತ್ತೇನೆ. ಒಟ್ಟು ಅಡುಗೆಮನೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಶಾಲೆಗೆ ಮಾನ್ಯತೆಯ ಗೋಜು ಇದೆ, ಆದರೆ ಮಕ್ಕಳು ಮುಕ್ತ ಶಾಲಾ ಮಂಡಳಿಯಲ್ಲಿ ಹತ್ತನೆಯ ಪರೀಕ್ಷೆ ಕಟ್ಟಬಹುದು. ಕರೆಂಟಿಗೆ ಸೋಲಾರ್ ಇದೆ. ಮಲೆನಾಡಿನಲ್ಲಿ ಹಳ್ಳದ ನೀರಿನಿಂದ ಪುಟ್ಟ ಟರ್ಬೈನ್ ತಿರುಗಿಸಿ ಮನೆಗೆ ಬೆಳಕು ಮಾಡಿಕೊಂಡವರು ಎಷ್ಟೋ ಜನ. 2003ರ ವಿದ್ಯುತ್ ಕಾಯ್ದೆ ಪ್ರಕಾರ ಉತ್ಪಾದನೆಗೆ ಲೈಸೆನ್ಸ್ ಬೇಡ. ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರು ಇದ್ದ ಜಾಗ ಸಿಕ್ಕರೆ ಪಂಪೂ ಬೇಡ. ಕೋರ್ಟು ಬೇಡ ಅಂದರೆ ಅದಕ್ಕೂ ದಾರಿಯಿದೆ. 1996ರ ಮಧ್ಯಸ್ಥಿಕೆ ಕಾಯ್ದೆಯಡಿ ನೀವೇ ಒಪ್ಪಿದ ಪಂಚರು ಹಣ, ವ್ಯವಹಾರದ ಜಗಳ ಬಗೆಹರಿಸಬಹುದು. ಅವರ ತೀರ್ಪು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಕ್ರಿಮಿನಲ್ ವಿಷಯ ಮಾತ್ರ ಇದರಲ್ಲಿ ಬರುವುದಿಲ್ಲ. ಯಾರಾದರೂ ಹೆಂಡತಿಗೆ ಹೊಡೆದರೆ ಪಂಚಾಯ್ತಿ ಸೇರಿಸುವುದಲ್ಲ, ಪೊಲೀಸರನ್ನು ಕರೆಯಬೇಕು. ನಾಣ್ಯ ಬಿಟ್ಟುಬಿಡಿ. ಕೈಗೆ ಬಂದವರಿಗೆಲ್ಲ ದುಡ್ಡು ಕೊಡುತ್ತೇವೆ ಎಂಬ ಚೀಟಿ ಹೊರಡಿಸುವುದನ್ನು ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಂ ತಡೆಯುತ್ತದೆ. ನಿಮ್ಮೊಳಗೆ ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಎಂದು ಪುಸ್ತಕದಲ್ಲಿ ಬರೆದಿಡಲು ಅಡ್ಡಿಯಿಲ್ಲ. ತೆರಿಗೆ? ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಹೇಗೂ ಇಲ್ಲ. ಉಳಿದದ್ದನ್ನು ಕಟ್ಟಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೀಗೆ ಕಟ್ಟಿದ್ದಕ್ಕೆ ಉದಾಹರಣೆ ಇಲ್ಲೇ ಇವೆ. ಹೆಗ್ಗೋಡಿನಲ್ಲಿ ನೀನಾಸಂ 1949ರಿಂದ ಇದೆ. ಅದೇ ಊರಿನ ಚರಕದಲ್ಲಿ ಹೆಂಗಸರೇ ಸದಸ್ಯರಾಗಿ ಕೈಮಗ್ಗದ ಸಹಕಾರಿ ನಡೆಸಿದರು. ಅಡಕೆ ಬೆಳೆಗಾರರ ಮ್ಯಾಮ್ಕೋಸ್ ಸ್ವಾತಂತ್ರ್ಯಕ್ಕೂ ಮುಂಚಿನದು. ಇವು ಯಾವುವೂ ಸರ್ಕಾರದ ವಿರುದ್ಧ ಗೋಡೆ ಕಟ್ಟಿಕೊಂಡಿಲ್ಲ. ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಜಾಗ ಕಾನೂನಿನಲ್ಲಿ ಹುಡುಕಿಕೊಂಡಿವೆ.

ಆದರೆ ಈ ದಾರಿಯಲ್ಲೂ ಗುಂಡಿಗಳಿವೆ. ಆರೋವಿಲ್ ಶುರುವಾದದ್ದು 1968ರ ಫೆಬ್ರವರಿ 28ರಂದು, 50,000 ಜನರ ಊರಾಗುವ ಆಸೆಯಿಂದ. ಹಣ, ಒಡೆತನದ ಜಗಳ ಒಳಗೇ ಹತ್ತಿಕೊಂಡಿತು. ಕೇಂದ್ರ ಸರ್ಕಾರ 1980ರಲ್ಲಿ ಆಡಳಿತ ಕೈಗೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟಿನ ತನಕ ಹೋದ ಕೇಸು 1982ರಲ್ಲಿ ಸರ್ಕಾರದ ಪರ ಆಯಿತು. 1988ರಲ್ಲಿ ಅದಕ್ಕೇ ಒಂದು ಕಾಯ್ದೆ ಬಂತು. ಸರ್ಕಾರ ಬಾಗಿಲು ಮುರಿದು ಒಳಗೆ ಬರಲಿಲ್ಲ ಎನ್ನುವುದನ್ನು ಗಮನಿಸಿ. ಒಳಗಿನ ಜಗಳ ಬಾಗಿಲು ತೆರೆಯಿತು. ಇಸ್ರೇಲಿನ ಮೊದಲ ಕಿಬ್ಬುಟ್ಸ್ (ಎಲ್ಲರೂ ಒಟ್ಟಾಗಿ ದುಡಿದು ಹಂಚಿಕೊಳ್ಳುವ ಊರು) ಡೆಗಾನಿಯಾ, 1910ರಲ್ಲಿ ಹುಟ್ಟಿದ್ದು, ಎಲ್ಲರಿಗೂ ಸಮಪಾಲು ಎಂಬ ನಿಯಮವನ್ನು 2007ರಲ್ಲಿ ಬಿಟ್ಟುಕೊಟ್ಟಿತು.

ಹಾಗಾಗಿ ನಿಮ್ಮ ಬೈಲಾದಲ್ಲಿ ನಾನು ಮೊದಲು ನೋಡುವುದು ಗುರಿ, ಧ್ಯೇಯ ಅಲ್ಲ. ಬಿಟ್ಟು ಹೋಗುವವರ ಕಲಂ. ಐದನೇ ವರ್ಷ ಒಂದು ಕುಟುಂಬ ಕೆನಡಾಗೆ ಹೊರಟರೆ ಅವರ ಪಾಲಿಗೆ ಎಷ್ಟು ಕೊಡುತ್ತೀರಿ? ಹಾಕಿದ ದುಡ್ಡೋ, ಇವತ್ತಿನ ಅಡಕೆ ತೋಟದ ಬೆಲೆಯೋ? ಒಂದೇ ಸಲವೋ, ಕಂತಿನಲ್ಲೋ? ಸತ್ತವರ ಮಕ್ಕಳು ಸದಸ್ಯರಾಗುತ್ತಾರಾ, ಬರೀ ಹಣ ಪಡೆಯುತ್ತಾರಾ? ಗಂಡ ಹೆಂಡತಿ ಬೇರೆಯಾದರೆ ಮನೆ ಯಾರಿಗೆ? ಇವನ್ನು ಎಲ್ಲರೂ ನಗುನಗುತ್ತಾ ಇರುವಾಗಲೇ ಬರೆದಿಡಬೇಕು. ಜೊತೆಗೆ ಮತ ಒಬ್ಬೊಬ್ಬರಿಗೆ ಒಂದಾ, ಕುಟುಂಬಕ್ಕೆ ಒಂದಾ ಎಂದು ಕೂತು ಮಾತಾಡಿ. ಕುಟುಂಬಕ್ಕೆ ಒಂದು ಅಂದರೆ ಹೆಂಗಸರ ಮಾತು ಸಭೆಗೆ ಬರುವುದೇ ಇಲ್ಲ. ನಮ್ಮ ಸೊಸೈಟಿಗಳಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ.

ಜಮೀನಿನ ಬಗ್ಗೆ. 2020ರ ತಿದ್ದುಪಡಿ ನಂತರ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು, ಗರಿಷ್ಠ ಮಿತಿ ಇದ್ದೇ ಇದೆ. ಹನ್ನೆರಡು ಕುಟುಂಬದ ಹೆಸರಿನಲ್ಲಿ ಒಂದೇ ಜಂಟಿ ಖಾತೆ ಬೇಡ. ಒಬ್ಬರು ಸಹಿ ಹಾಕದಿದ್ದರೆ ಎಲ್ಲರ ಸಾಲವೂ ನಿಲ್ಲುತ್ತದೆ. ಮನೆಗಳಿಗೆ ಬೇಕಾದಷ್ಟು ಭಾಗಕ್ಕೆ 11ಇ ನಕ್ಷೆ, ಅಂದರೆ ಜಮೀನು ಭಾಗ ಮಾಡುವ ಸರ್ವೆ ನಕ್ಷೆ ಮಾಡಿಸಿ, ಭೂ ಪರಿವರ್ತನೆ ಮಾಡಿಸಿ. ತೋಟವನ್ನು ಉತ್ಪಾದಕರ ಕಂಪನಿಯೊಂದರ ಮೂಲಕ ನಡೆಸಬಹುದು, ಅದಕ್ಕೆ ಹತ್ತು ಜನ ಬೆಳೆಗಾರರು ಸಾಕು. ಮಲೆನಾಡಿನಲ್ಲಿ ಕೊಳ್ಳುವಾಗ ಮೂರು ವಿಷಯ ಬಿಡಬೇಡಿ: ಅದು ಮಂಜೂರಾದ ಜಮೀನಾ, ಆಗಿದ್ದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಸಿಕ್ಕುತ್ತದಾ, ಅರಣ್ಯದ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯಾ, ತೋಟದ ಜೊತೆ ತೋರಿಸುವ ಸೊಪ್ಪಿನಬೆಟ್ಟ ನಿಜಕ್ಕೂ ನಿಮ್ಮದಾಗುತ್ತದಾ. ಬೆಟ್ಟದಲ್ಲಿ ಇರುವುದು ಸೊಪ್ಪು ತರುವ ಸವಲತ್ತು, ಒಡೆತನ ಅಲ್ಲ. ದಲ್ಲಾಳಿಗಳು ಇದನ್ನು ಎಕರೆ ಲೆಕ್ಕದಲ್ಲಿ ಸೇರಿಸಿ ಮಾರುತ್ತಾರೆ.

ಕೊಳ್ಳುವ ಮುಂಚೆ ಹೊಸನಗರ ಕಡೆ ಎಲ್ಲಾದರೂ ಒಂದು ದೊಡ್ಡ ಹಳೇ ಮನೆ ಬಾಡಿಗೆಗೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಗುವಷ್ಟು ಕುಟುಂಬಗಳು ಒಟ್ಟಿಗೆ ಇರಿ. ಕರೆಂಟ್ ಹೋದ ಮೂರನೇ ದಿನ, ಬಟ್ಟೆ ಒಣಗದ ವಾರ, ಅಡುಗೆ ಪಾಳಿ ತಪ್ಪಿಸಿಕೊಂಡವರ ಮೇಲಿನ ಸಿಟ್ಟು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹನ್ನೆರಡರಲ್ಲಿ ಏಳು ಕುಟುಂಬ ಉಳಿದರೂ ಒಳ್ಳೆಯ ಸಂಖ್ಯೆಯೇ. ಸಂಘ ನೋಂದಾಯಿಸಲು ಕನಿಷ್ಠ ಏಳು ಸದಸ್ಯರು ಸಾಕು.

ಅಜ್ಜನ ಜಮೀನಿನ ಹಕ್ಕುಪತ್ರದ್ದು ಬೇರೆ ಫೈಲು. ಅದನ್ನು ಇದರ ಜೊತೆ ಬೆರೆಸಬೇಡಿ. ಮುಳುಗಡೆ ಆದಾಗಿನ ನೋಟಿಸ್, ಪುನರ್ವಸತಿಯ ಆದೇಶ, ಹಳೇ ಪಹಣಿ, ಏನಿದೆಯೋ ಅದರ ಪ್ರತಿ ಕಳಿಸಿ. ಮೂಲ ಕಾಗದ ಅಪ್ಪನ ಹತ್ತಿರವೇ ಇರಲಿ.